ಚಳಿಗಾಲದಲ್ಲಿ ಮನೆಯೊಳಗೆ ಮೆಣಸಿನ ಸಸಿ

ಡಿಸೆಂಬರ್ ಬಂತೆಂದರೆ ಬೊಮ್ಮನಹಾಳ್ ಕಡೆ, ತುಂಗಭದ್ರಾ ಎಚ್‌.ಎಲ್‌.ಸಿ. ಕಾಲುವೆಯ ಊರುಗಳಲ್ಲಿ ಒಂದು ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: "ಮೆಣಸಿನ ಬೀಜ ಹಾಕಿ ಹತ್ತು ದಿನ ಆಯ್ತು, ಒಂದೂ ಹುಟ್ಟಿಲ್ಲ. ಕೆಟ್ಟ ಬೀಜ ಕೊಟ್ಟಾರ ನೋಡ್ರಿ." ಪೊಟ್ಟಣಕ್ಕೆ ನೂರಾರು ರೂಪಾಯಿ ಕೊಟ್ಟವರ ಸಂಕಟ ಅದು. ಬೀಜ ಕೆಟ್ಟದ್ದಿರಲೂಬಹುದು. ಆದರೆ ವಿಜ್ಞಾನದ ವಿದ್ಯಾರ್ಥಿ ಮೊದಲು ಬೇರೆ ಪ್ರಶ್ನೆ ಕೇಳಬೇಕು. ಮಡಿಯ ಮಣ್ಣು ಎಷ್ಟು ಬೆಚ್ಚಗಿತ್ತು?

ಮಣ್ಣು 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೆಣಸಿನ ಬೀಜ ಸುಮಾರು 8 ದಿನಕ್ಕೆ ಹೊರಗೆ ಬರುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 13 ದಿನ. 15 ಡಿಗ್ರಿಯಲ್ಲೇ ಇದ್ದರೆ 25 ದಿನ! ಅದೇ 15 ಡಿಗ್ರಿಯಲ್ಲಿ ಉಳ್ಳಾಗಡ್ಡಿ ಒಂದೇ ವಾರಕ್ಕೆ ಹುಟ್ಟುತ್ತದೆ. ಅದಕ್ಕೇ ಚಳಿಯಲ್ಲಿ ಉಳ್ಳಾಗಡ್ಡಿ ಮಡಿ ಹಸಿರಾದರೂ ಪಕ್ಕದ ಮೆಣಸಿನ ಮಡಿ ಬೋಳಾಗಿ ಕೂತಿರುತ್ತದೆ. ಮೆಣಸಿನಕಾಯಿ ಮೂಲತಃ ನಮ್ಮದಲ್ಲ, ಅಮೆರಿಕ ಖಂಡದ ಬೆಚ್ಚನೆಯ ಸೀಮೆಯದು. ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಅದರ ಬೀಜಕ್ಕೆ ಬೆಚ್ಚಗಿನ ಮಣ್ಣೇ ಬೇಕು.

ಕಾರಣ ಬೀಜದ ಒಳಗಿದೆ. ಒಣ ಬೀಜ ನೀರು ಹೀರಿ ಉಬ್ಬಿದಾಗ ಅದರಲ್ಲಿರುವ ಕಿಣ್ವಗಳು ಕೆಲಸ ಶುರು ಮಾಡುತ್ತವೆ. ಕೂಡಿಟ್ಟ ಆಹಾರವನ್ನು ಕರಗಿಸಿ ಭ್ರೂಣಕ್ಕೆ ಕೊಡುವುದು ಅವುಗಳ ಕೆಲಸ. ಚಳಿಯಲ್ಲಿ ಈ ಕೆಲಸ ನಿಧಾನ. ನಿಧಾನವಾದಷ್ಟೂ ಬೀಜ ಒದ್ದೆ ಮಣ್ಣಿನಲ್ಲಿ ಹೆಚ್ಚು ದಿನ ಬಿದ್ದಿರಬೇಕು. ಅಷ್ಟರಲ್ಲಿ ಶಿಲೀಂಧ್ರಗಳು ಅದನ್ನು ಕೊಳೆಸಿಬಿಡುತ್ತವೆ. "ಹುಟ್ಟಲಿಲ್ಲ" ಎಂದು ಮತ್ತೆ ಮತ್ತೆ ನೀರು ಹಾಕಿದರೆ ಇನ್ನೂ ಕೆಡುಕು: ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ಬೀಜದ ಉಸಿರಾಟಕ್ಕೆ ಗಾಳಿ ಸಿಗುವುದಿಲ್ಲ.

ಇದು ನಿಮ್ಮ ಅಮ್ಮನಿಗೆ ಗೊತ್ತಿರುವ ವಿಷಯವೇ. ಚಳಿಗಾಲದಲ್ಲಿ ಹೆಸರುಕಾಳು ಬೇಗ ಮೊಳಕೆ ಬರೋದಿಲ್ಲ ಅಂತ ಬಟ್ಟೆಯ ಗಂಟನ್ನು ಒಲೆ ಪಕ್ಕ ಇಡುತ್ತಾರಲ್ಲವೇ? ನಾವೂ ಅದನ್ನೇ ಮಾಡೋಣ.

ಮನೆಯ ಒಣ ಮೆಣಸಿನಕಾಯಿಯಿಂದ 40 ಬೀಜ ತೆಗೆಯಿರಿ. (ಆ ಕೈಯಿಂದ ಕಣ್ಣು ಉಜ್ಜಿಕೊಂಡರೆ ನಾನು ಜವಾಬ್ದಾರನಲ್ಲ.) ಅಂಗಡಿಯ ಪೊಟ್ಟಣದ ಬೀಜ ಬೇಡ; ಅದಕ್ಕೆ ವಿಷದ ಔಷಧಿ ಲೇಪಿಸಿರುತ್ತಾರೆ, ಅಡುಗೆಮನೆಗೆ ತರಬಾರದು. ಬೀಜಗಳನ್ನು ಒಂದು ರಾತ್ರಿ ನೆನೆಸಿ. ತಳದಲ್ಲಿ ತೂತು ಮಾಡಿದ ಎರಡು ಡಬ್ಬಿಗಳಿಗೆ ಒಂದೇ ಮಣ್ಣು ತುಂಬಿ, ಒಂದೊಂದರಲ್ಲಿ 20 ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಒಂದು ಡಬ್ಬಿ ಅಂಗಳದಲ್ಲಿರಲಿ. ಇನ್ನೊಂದು ಒಲೆಯಿಂದ ಎರಡು ಮೊಳ ದೂರದಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಇರಲಿ. ಒಲೆಗೆ ತೀರಾ ಹತ್ತಿರವಿಟ್ಟರೆ ಬೀಜ ಬೆಂದೇ ಹೋಗುತ್ತದೆ. ಎರಡೂ ಡಬ್ಬಿಯ ಮಣ್ಣು ಒಂದೇ ತರಹ ತೇವವಾಗಿರಬೇಕು, ಕೆಸರಾಗಬಾರದು. ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಕೇಳಿ ಪಡೆದು, ಬೆಳಿಗ್ಗೆ 6 ಕ್ಕೂ ಮಧ್ಯಾಹ್ನ 2 ಕ್ಕೂ ಮಣ್ಣಿನ ತಾಪ ಬರೆದಿಡಿ. ನಮ್ಮಲ್ಲಿ ಮಧ್ಯಾಹ್ನ ಬಿಸಿಲು ಚುರುಕಾಗೇ ಇರುತ್ತದೆ, ಬೀಜವನ್ನು ತಡೆಯುವುದು ರಾತ್ರಿಯ ಚಳಿ. ಆ ವ್ಯತ್ಯಾಸ ನಿಮ್ಮ ಪಟ್ಟಿಯಲ್ಲೇ ಕಾಣಬೇಕು. ಒಳಗಿನ ಡಬ್ಬಿ ಬೇಗ ಹುಟ್ಟಿ ಹೊರಗಿನದು ತಡವಾದರೆ ತಪ್ಪು ಚಳಿಯದು. ಎರಡರಲ್ಲೂ ನಾಲ್ಕೈದು ಮಾತ್ರ ಹುಟ್ಟಿದರೆ, ಆಗ ಬೀಜದ ಮೇಲೆ ಅನುಮಾನ ಪಡಿ.

ಮೊದಲ ಸಸಿ ತಲೆ ಎತ್ತಿದ ದಿನವೇ ಪೆಟ್ಟಿಗೆ ತೆಗೆದು ಡಬ್ಬಿಯನ್ನು ಬೆಳಕಿಗೆ ತನ್ನಿ. ಇದನ್ನು ಮಾತ್ರ ಮರೆಯಬೇಡಿ. ಮಣ್ಣೊಳಗಿನ ಮೆಣಸಿನ ಬೀಜಕ್ಕೆ ಬೆಳಕು ಬೇಕಿಲ್ಲ, ಆದರೆ ಹೊರಗೆ ಬಂದ ಸಸಿಗೆ ಬೇಕೇ ಬೇಕು. ಕತ್ತಲಲ್ಲೇ ಬಿಟ್ಟರೆ ಎರಡು ಮೂರು ದಿನಕ್ಕೆ ಬಿಳಿಚಿಕೊಂಡು ಉದ್ದಕ್ಕೆ ಜಗ್ಗಿ ಬಿದ್ದುಹೋಗುತ್ತದೆ. ಕಿಟಕಿಯ ಹತ್ತಿರ ಇಟ್ಟರೆ ಬೆಳಕಿನ ಕಡೆಗೇ ಬಾಗುತ್ತದೆ. ದಿನಾ ಡಬ್ಬಿಯನ್ನು ತಿರುಗಿಸಿ ಇಡಿ.

ಹಿಮ ಬೀಳುವ ದೇಶಗಳಲ್ಲಿ ಹೊರಗೆ ಬಿತ್ತುವ ಮಾತೇ ಇಲ್ಲ. ಅಲ್ಲಿಯ ತೋಟಗಾರರು ಹೋಸ್ಟಾ ಎಂಬ ನೆರಳಿನ ಗಿಡದ ಬೀಜವನ್ನು ಚಳಿಗಾಲದಲ್ಲೇ ಮನೆಯೊಳಗೆ ಬಿತ್ತಿ, ಟ್ಯೂಬ್‌ಲೈಟ್ ಕೆಳಗೆ ಸಸಿ ಬೆಳೆಸುತ್ತಾರೆ. ಜಪಾನ್, ಚೀನಾ, ಕೊರಿಯಾ ಕಡೆಯ ಗಿಡ ಅದು. ತಮಾಷೆ ನೋಡಿ: ಬೆಳೆದ ಹೋಸ್ಟಾಗೆ ವರ್ಷಕ್ಕೊಮ್ಮೆ ಕೊರೆಯುವ ಚಳಿಯಲ್ಲಿ ನಿದ್ದೆ ಬೇಕು, ಅದಕ್ಕೇ ನಮ್ಮ ಬಿಸಿಲು ನಾಡು ಅದಕ್ಕೆ ಒಗ್ಗುವುದಿಲ್ಲ. ಆದರೆ ಅದರ ಬೀಜಕ್ಕೂ ಮೊಳೆಯಲು 20 ಡಿಗ್ರಿಗಿಂತ ಹೆಚ್ಚಿನ ಬೆಚ್ಚಗಿನ ಮಣ್ಣೇ ಇಷ್ಟ.

ನಿಮ್ಮ ಮೆಣಸಿನ ಸಸಿಗೆ ನಾಲ್ಕೈದು ಎಲೆ ಬಂದ ಮೇಲೆ ನೇರ ಹೊಲಕ್ಕೆ ಒಯ್ಯಬೇಡಿ. ಮನೆಯೊಳಗೆ ಬೆಳೆದ ಎಲೆ ಮೆತ್ತಗಿರುತ್ತದೆ, ಒಂದೇ ದಿನದ ಬಿಸಿಲಿಗೆ ಸುಟ್ಟುಹೋಗುತ್ತದೆ. ಮೊದಲ ದಿನ ಒಂದು ಗಂಟೆ ಬೆಳಗಿನ ಬಿಸಿಲು, ಮರುದಿನ ಎರಡು ಗಂಟೆ, ಹೀಗೆ ಒಂದು ವಾರ ಅಭ್ಯಾಸ ಮಾಡಿಸಿ. ನೀರು ಸ್ವಲ್ಪ ಕಡಿಮೆ ಕೊಡಿ. ಆಮೇಲೆ ಒಂದು ಸಂಜೆ, ಹೊತ್ತು ತಂಪಾದಾಗ ನೆಡಿ.