ಪತ್ತೇದಾರಿ ಕಥೆ: ಏನು ಓದಬೇಕು, ಹೇಗೆ ಓದಬೇಕು?

ಪರೀಕ್ಷೆ ಮುಗಿಯಿತೆಂದರೆ ಗ್ರಂಥಾಲಯದ ಬಾಗಿಲಲ್ಲಿ ಒಂದೇ ಬೇಡಿಕೆ: "ಸರ್, ಒಂದು ಛಲೋ ಪತ್ತೇದಾರಿ ಕಾದಂಬರಿ ಹೇಳ್ರಿ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ದಿನಾ ಓಡಾಡುವ ನಿಮಗೆ ಓದಲು ಸಿಗುವ ಹೊತ್ತೆಂದರೆ ಬಸ್ಸಿನ ಹೊತ್ತು. ಅಲ್ಲಿ ನಿದ್ದೆ ಓಡಿಸುವ ಪುಸ್ತಕವೇ ಬೇಕು, ಸರಿ. ಆದರೆ ಕೇಳುವಾಗ ಕೆಲವರು ಧ್ವನಿ ತಗ್ಗಿಸುತ್ತೀರಿ, ಏನೋ ಕದ್ದು ಓದುವ ಪುಸ್ತಕ ಕೇಳಿದವರ ಹಾಗೆ. ಅದರ ಅಗತ್ಯವಿಲ್ಲ ಎಂದು ಹೇಳಲಿಕ್ಕೇ ಈ ಪಾಠ.

ವಿಜಯಪುರದಲ್ಲಿ ನಾನು ಪುಸ್ತಕ ಕೊಳ್ಳುವ ಒಂದು ಸಣ್ಣ ಅಂಗಡಿಯಿದೆ. ರಹಸ್ಯದ ಕಥೆ ಬೇಕೆಂದು ಯಾರಾದರೂ ಹೋದರೆ ಮಾಲೀಕರು ಲೇಖಕರ ಹೆಸರು ಕೇಳುವುದಿಲ್ಲ. "ಯಾರು ಮಾಡಿದ್ರು ಅನ್ನೂದು ಬೇಕೋ, ಯಾಕ ಮಾಡಿದ್ರು ಅನ್ನೂದು ಬೇಕೋ?" ಎಂದು ಕೇಳುತ್ತಾರೆ. ವಿಮರ್ಶಕರು ಪುಟಗಟ್ಟಲೆ ಬರೆದ ವಿಂಗಡಣೆಯನ್ನು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮೊದಲ ಬಗೆಯಲ್ಲಿ ಅಪರಾಧಿಯ ಹೆಸರು ಕೊನೆಯವರೆಗೂ ಗುಟ್ಟು. ಎರಡನೆಯದರಲ್ಲಿ ಹೆಸರು ಮೊದಲೇ ಗೊತ್ತಿದ್ದರೂ ಓದು ನಿಲ್ಲುವುದಿಲ್ಲ.

ಎರಡೂ ಬಗೆ ಬೆರೆತ ಒಂದು ಹಳೆಯ ಕಥೆಯಿಂದ ಶುರು ಮಾಡೋಣ. 'ಅಲಿಫ್ ಲೈಲಾ' ಹೆಸರು ನೀವೆಲ್ಲ ಕೇಳಿದ್ದೀರಿ. ಅದರಲ್ಲಿ 'ಮೂರು ಸೇಬುಗಳು' ಎಂಬ ಕಥೆಯಿದೆ. ಟೈಗ್ರಿಸ್ ನದಿಯಲ್ಲಿ ಬೆಸ್ತನ ಬಲೆಗೆ ಬೀಗ ಹಾಕಿದ ಪೆಟ್ಟಿಗೆಯೊಂದು ಸಿಗುತ್ತದೆ. ಒಳಗೆ ಕೊಲೆಯಾದ ಯುವತಿಯ ದೇಹ. ಖಲೀಫ ಹಾರೂನ್ ಅಲ್ ರಶೀದ್ ತನ್ನ ವಜೀರ ಜಾಫರನಿಗೆ, ಮೂರು ದಿನದಲ್ಲಿ ಕೊಲೆಗಾರನನ್ನು ಹಿಡಿದು ತಾ, ಇಲ್ಲದಿದ್ದರೆ ನಿನಗೇ ಗಲ್ಲು ಎನ್ನುತ್ತಾನೆ. ಜಾಫರ್ ಮಾಡಿದ್ದೇನು? ಮೂರು ದಿನವೂ ಮನೆಯಲ್ಲೇ ಕುಳಿತ! ಜಗತ್ತಿನ ಅತ್ಯಂತ ಸೋಮಾರಿ ಪತ್ತೇದಾರ ಈತನೇ ಇರಬೇಕು.

ಗಲ್ಲಿಗೇರಿಸುವ ಹೊತ್ತಿಗೆ ಒಬ್ಬ ಯುವಕ ಬಂದು ನಾನೇ ಕೊಂದೆ ಎನ್ನುತ್ತಾನೆ. ಹಿಂದೆಯೇ ಒಬ್ಬ ಮುದುಕ ಬಂದು, ಅಲ್ಲ, ನಾನು ಕೊಂದೆ ಎನ್ನುತ್ತಾನೆ. ತಪ್ಪೊಪ್ಪಿಗೆ ಎರಡು, ಕೊಲೆ ಒಂದು. ಈಗ ಯಾರನ್ನು ನಂಬಬೇಕು? ಪೆಟ್ಟಿಗೆಯೊಳಗೆ ಏನೇನಿತ್ತು, ದೇಹವನ್ನು ಯಾವುದರಲ್ಲಿ ಸುತ್ತಲಾಗಿತ್ತು ಎಂಬುದನ್ನು ಯುವಕ ಬಿಡಿಸಿ ಹೇಳುತ್ತಾನೆ. ಮಾಡಿದವನಿಗೆ ಮಾತ್ರ ತಿಳಿದಿರಬಹುದಾದ ಸಂಗತಿಯದು. ತಪ್ಪೊಪ್ಪಿಗೆ ಬೇರೆ, ಪುರಾವೆ ಬೇರೆ ಎಂಬುದನ್ನು ಈ ಕಥೆ ಶೆರ್ಲಾಕ್ ಹೋಮ್ಸ್ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ತೋರಿಸಿತ್ತು. ನಮ್ಮ ಕಾನೂನೂ ಇದನ್ನು ಒಪ್ಪುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಮಂಡಿಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ.

ಯುವಕ ಕೊಂದದ್ದು ಯಾಕೆ? ಸತ್ತವಳು ಅವನ ಹೆಂಡತಿ. ಕಾಯಿಲೆ ಬಿದ್ದು ಸೇಬಿಗೆ ಆಸೆಪಟ್ಟಿದ್ದಳು. ಬಸ್ರಾಕ್ಕೆ ಹೋಗಿ ಮೂರು ಸೇಬು ತಂದುಕೊಟ್ಟ. ಕೆಲವು ದಿನಗಳ ಮೇಲೆ ಪೇಟೆಯಲ್ಲಿ ಒಬ್ಬ ಗುಲಾಮನ ಕೈಯಲ್ಲಿ ಅಂಥದೇ ಸೇಬು ಕಂಡಿತು. ನನ್ನ ಪ್ರೇಯಸಿ ಕೊಟ್ಟಳು ಎಂದ ಗುಲಾಮ. ಯುವಕ ಮನೆಗೆ ಓಡಿ ನೋಡಿದರೆ ಎರಡೇ ಸೇಬು. ಮುಂದೇನೂ ವಿಚಾರಿಸದೆ ಹೆಂಡತಿಯನ್ನು ಕೊಂದುಬಿಟ್ಟ. ಆಮೇಲೆ ಮಗ ಅಳುತ್ತ ಬಂದು ಹೇಳಿದ: ಸೇಬು ತೆಗೆದುಕೊಂಡು ಹೋದವನು ನಾನು, ಬೀದಿಯಲ್ಲಿ ಒಬ್ಬ ಅದನ್ನು ಕಿತ್ತುಕೊಂಡ.

ಎರಡು ಸುಳಿವು ಕೈಯಲ್ಲಿದ್ದವು, ಎರಡೂ ನಿಜ. ಸೇಬು ಕಾಣೆಯಾಗಿತ್ತು, ಇನ್ನೊಬ್ಬನ ಕೈ ಸೇರಿತ್ತು. ನಡುವಿನ ಜಾಗವನ್ನು ಯುವಕ ತನ್ನ ಅನುಮಾನದಿಂದ ತುಂಬಿದ. ಕಥೆಯ ಬಗ್ಗೆ ನನಗೊಂದು ತಕರಾರೂ ಇದೆ. ಖಲೀಫನ ಸಿಟ್ಟೆಲ್ಲ ಸುಳ್ಳು ಹೇಳಿದ ಗುಲಾಮನ ಮೇಲೆ ತಿರುಗುತ್ತದೆ, ಕೊಂದ ಗಂಡನಿಗೆ ಸಿಗುವುದು ಕನಿಕರ. ಓದುವಾಗ ಹೆಣ್ಣುಮಕ್ಕಳು ಇದನ್ನು ಗಮನಿಸಿ. ಗಂಡುಮಕ್ಕಳು ಇನ್ನೂ ಹೆಚ್ಚು ಗಮನಿಸಿ.

ಸುಳಿವುಗಳನ್ನು ಜೋಡಿಸಿ ಬುದ್ಧಿಯಿಂದ ಉತ್ತರ ಕಂಡುಹಿಡಿಯುವ ಪತ್ತೇದಾರ ಕಥೆಯೊಳಗೆ ಬಂದದ್ದು ತಡವಾಗಿ. 1841ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಅಂಥ ಪಾತ್ರ ತಂದ. 1887ರಲ್ಲಿ ಕಾನನ್ ಡಾಯ್ಲ್‌ನ ಹೋಮ್ಸ್ ಬಂದ. ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ 1920ರದು. ಇಂಗ್ಲಿಷ್ ಕಷ್ಟ ಎನ್ನುವವರು ಹೋಮ್ಸ್‌ನ ಸಣ್ಣ ಕಥೆಗಳಿಂದ ಆರಂಭಿಸಿ. ಒಂದು ಕಥೆ ಒಂದು ಪ್ರಯಾಣದಲ್ಲಿ ಮುಗಿಯುತ್ತದೆ.

ಮನೆಯಲ್ಲಿ ಉರ್ದು ಮಾತಾಡುವವರು ಅಜ್ಜನ ಹತ್ತಿರ ಇಬ್ನೆ ಸಫಿ ಹೆಸರು ಹೇಳಿ ನೋಡಿ, ಅವರು ಓದುವವರಾಗಿದ್ದರೆ ಮುಖ ಅರಳುತ್ತದೆ. 1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲೆ ಆರಂಭವಾಯಿತು. ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್ ಅದರ ಜೋಡಿ. 1955ರಲ್ಲಿ ಬಂದ ಇಮ್ರಾನ್ ನೋಡಲಿಕ್ಕೆ ಪೆದ್ದ, ಕೆಲಸದಲ್ಲಿ ಚಾಣಾಕ್ಷ. ಉರ್ದು ಲಿಪಿ ಬಾರದವರಿಗೆ ದಾರಿಯಿದೆ: ದೊಡ್ಡ ವಿಮರ್ಶಕ ಶಂಸುರ್ರಹಮಾನ್ ಫಾರೂಕಿ ಇವರ ಕೆಲವು ಕಾದಂಬರಿಗಳನ್ನು ಇಂಗ್ಲಿಷಿಗೆ ತಂದಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರು ಪತ್ತೇದಾರಿ ಕಾದಂಬರಿ ಅನುವಾದಿಸಿದರೆಂಬುದನ್ನು ಧ್ವನಿ ತಗ್ಗಿಸಿ ಪುಸ್ತಕ ಕೇಳುವವರು ನೆನಪಿಡಿ.

ಕನ್ನಡದಲ್ಲಿ ಈ ಜಾಗ ಎನ್. ನರಸಿಂಹಯ್ಯನವರದು. ಓದಿದ್ದು ನಾಲ್ಕನೇ ಇಯತ್ತೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಗಾಗಿಯೇ ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತವರಿದ್ದಾರೆ. ಟಿ. ಕೆ. ರಾಮರಾವ್ ಇನ್ನೊಬ್ಬರು. 1972ರ 'ಬಂಗಾರದ ಮನುಷ್ಯ' ಸಿನಿಮಾ ಇವರ ಕಾದಂಬರಿಯಿಂದ ಆದದ್ದು, ಆದರೆ ಓದುಗರು ಇವರಿಗಾಗಿ ಕಾದದ್ದು ಪತ್ತೇದಾರಿ ಕಥೆಗಳಿಗೆ. ಇವರಿಬ್ಬರ ಪುಸ್ತಕಗಳನ್ನು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ.

ಒಂದೇ ಪುಸ್ತಕ ಹೇಳಿ ಎಂದರೆ ನಾನು ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಹೇಳುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಕೆಸರೂರಿನಲ್ಲಿ ಏಲಕ್ಕಿ ಫಸಲು ಯಾಕೆ ಕುಸಿಯಿತು, ಏಲಕ್ಕಿ ಸಂಶೋಧಕ ಜೋಗಿಹಾಳ್ ಸತ್ತದ್ದು ಹೇಗೆ ಎಂದು ತಿಳಿಯಲು ಶ್ಯಾಮನಂದನ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ಅವನು ಹುಡುಕುತ್ತ ಹೋದಂತೆ ಊರಿನ ಜಾತಿ, ಮತ, ಲೇವಾದೇವಿ, ಕಾಡುಗಳ್ಳತನ ಎಲ್ಲ ಹೊರಬೀಳುತ್ತವೆ. ರಫಿ ಮತ್ತು ಜಯಂತಿ ಎಂಬ ಇಬ್ಬರು ಕಾಲೇಜು ವಯಸ್ಸಿನವರು ಇದರಲ್ಲಿದ್ದಾರೆ. ಅವರ ಸುತ್ತ ಊರು ಹೇಗೆ ಗುಸುಗುಸು ಮಾಡುತ್ತದೆ ನೋಡಿ. ಅಂಗಡಿಯ ಮಾಲೀಕರ ಎರಡನೇ ಬಗೆಗೆ ಸೇರುವ ಪುಸ್ತಕವಿದು. ಕೊನೆ ಹೇಳುವುದಿಲ್ಲ. 'ಜುಗಾರಿ ಕ್ರಾಸ್' ಇದಕ್ಕಿಂತ ವೇಗದ್ದು. ಬಸ್ಸಿನಲ್ಲಿ ಓದಿದರೆ ಇಳಿಯುವ ನಿಲ್ದಾಣ ತಪ್ಪೀತು.

ಇನ್ನು ನಮ್ಮ ಮಗ್ಗುಲಿನ ಸಂಗತಿ. ತಾಳಿಕೋಟೆ ದಾಟಿ ಮುಂದೆ ಹೋದರೆ ಸುರಪುರ. ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ ಬಾಲರಾಜನ ಪರವಾಗಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಮನೆ. ಅಲ್ಲಿಗೆ ಬರುವ ಮೊದಲೇ, 1839ರಲ್ಲಿ, ಆತ ಇಂಗ್ಲಿಷಿನಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಪ್ರಸಿದ್ಧನಾಗಿದ್ದ. ಸೆರೆಯಲ್ಲಿರುವ ಅಮೀರ್ ಅಲಿ ತಾನು ಮಾಡಿದ ಕೊಲೆಗಳನ್ನು ಒಬ್ಬ ಸಾಹೇಬನಿಗೆ ಹೇಳುತ್ತ ಹೋಗುತ್ತಾನೆ. ರೋಚಕ ಪುಸ್ತಕ, ಆದರೆ ಎಚ್ಚರದಿಂದ ಓದಬೇಕು. ಅಮೀರ್ ಅಲಿ ಮಾಫಿ ಸಾಕ್ಷಿ. ಹೇಳಿದರೆ ಜೀವ ಉಳಿಯುತ್ತದೆ. ಅಂಥವನು ಕೇಳುವವರಿಗೆ ಬೇಕಾದದ್ದನ್ನು ಎಷ್ಟು ಸೇರಿಸಿ ಹೇಳಿಯಾನು? ಬರೆದುಕೊಳ್ಳುವ ಲೇಖಣಿ ಯಾರ ಕೈಯಲ್ಲಿದೆ?

ಇಂಥ ಬರಹಗಳು ಹಬ್ಬಿಸಿದ ಒಂದು ನಂಬಿಕೆ, ಕೆಲವರು ಹುಟ್ಟಿನಿಂದಲೇ ಕಳ್ಳರು ಎಂಬುದು. ಅದು ಪುಸ್ತಕದಲ್ಲೇ ಉಳಿಯಲಿಲ್ಲ. 1871ರಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟು'ಗಳ ಕಾಯ್ದೆ ತಂದರು. 1911ರ ಕಾಯ್ದೆಯಿಂದ ಅದು ನಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಒಬ್ಬ ಏನು ಮಾಡಿದ ಎಂದು ಕೇಳದೆ ಯಾವ ಕುಲದವನು ಎಂದು ಕೇಳಿ ಹೆಸರು ದಾಖಲಿಸುವುದು, ಹಾಜರಿ ಹಾಕಿಸುವುದು ನಡೆಯಿತು. ಗಂಟಿಚೋರರು, ಖೋಟಾ ನಾಣ್ಯದ ಆರೋಪ ಹೊತ್ತ ಮುಸ್ಲಿಂ ಛಪ್ಪರಬಂದರು ಈ ಪಟ್ಟಿಯಲ್ಲಿದ್ದರು. ವಿಜಯಪುರದಲ್ಲೂ ಇಂಥವರಿಗಾಗಿ ಒಂದು ವಸಾಹತು ಇತ್ತು. ಕಾಯ್ದೆ ದೇಶದಲ್ಲಿ ಪೂರ್ತಿ ರದ್ದಾದದ್ದು 1952ರಲ್ಲಿ. ತರಗತಿಯಲ್ಲಿ ಒಂದು ಕ್ಯಾಲ್ಕುಲೇಟರ್ ಕಳೆದರೆ ಮೊದಲು ಯಾರ ಬ್ಯಾಗಿನ ಕಡೆ ಕಣ್ಣು ಹೋಗುತ್ತದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ನಾವು ಅಧ್ಯಾಪಕರೂ ಮಾಡಿಕೊಳ್ಳಬೇಕು.

ಈಗ ಅಭ್ಯಾಸ. ಯಾವುದಾದರೂ ಒಂದು ಪುಸ್ತಕ ತೆಗೆದುಕೊಳ್ಳಿ. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿರಲಿ. ಹಾಳೆಯ ಎಡಕ್ಕೆ ಪಾತ್ರಗಳು ಕಣ್ಣಾರೆ ಕಂಡದ್ದು, ಬಲಕ್ಕೆ ಅದರಿಂದ ಊಹಿಸಿದ್ದು. ಸೇಬಿನ ಕಥೆಗಾದರೆ 'ಎರಡೇ ಸೇಬು ಇವೆ' ಎಂಬುದು ಎಡಕ್ಕೆ, 'ಹೆಂಡತಿ ಕೊಟ್ಟಿದ್ದಾಳೆ' ಎಂಬುದು ಬಲಕ್ಕೆ. ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಿ, ನಿಮ್ಮ ಆರೋಪಿಯ ಹೆಸರನ್ನೂ ಕಾರಣವನ್ನೂ ಬರೆದು ದಿನಾಂಕ ಹಾಕಿ. ಆಮೇಲೆ ಮುಂದೆ ಓದಿ. ಗ್ರಂಥಾಲಯದ ಪುಸ್ತಕದ ಅಂಚಿನಲ್ಲಿ ಮಾತ್ರ ಬರೆಯಬೇಡಿ. ಕಳೆದ ವರ್ಷ ಯಾರೋ ಮೂರನೇ ಪುಟದಲ್ಲೇ ಕೊಲೆಗಾರನ ಹೆಸರಿಗೆ ಕೆಂಪು ಗೆರೆ ಎಳೆದಿಟ್ಟಿದ್ದರು. ಆ ಅಪರಾಧಿ ಇನ್ನೂ ಪತ್ತೆಯಾಗಿಲ್ಲ.