ಸೋರೋ ಜಾಗ ಹುಡುಕು, ಆಮೇಲೆ ಜೇಬಿಗೆ ಕೈ ಹಾಕು

ಸೆಕೆಂಡ್ ಹ್ಯಾಂಡ್ ಆದರೇನು, ನೀನು ಸ್ವಂತ ದುಡ್ಡಲ್ಲಿ ಕಾರು ತಗೊಂಡೆ. ಸಂತೋಷ ಮಗಾ. ಆದರೆ ದಿನಾ ಬೆಳಿಗ್ಗೆ ರೇಡಿಯೇಟರಿಗೆ ಒಂದು ಬಾಟಲಿ ಬೋರ್‌ವೆಲ್ ನೀರು ಸುರಿದು, ಬಾನೆಟ್ ಮುಚ್ಚಿ, ಹಾಡು ಹಾಕ್ಕೊಂಡು ಹೊರಡ್ತೀಯಲ್ಲ, ಅದು ನನಗೆ ಹಿಡಿಸಲಿಲ್ಲ. ಎಂಜಿನ್ ತಂಪು ಮಾಡೋ ಕೂಲೆಂಟ್ ದಿನಾ ಕಡಿಮೆ ಆಗ್ತಿದೆ ಅಂದರೆ ಎಲ್ಲೋ ಸೋರ್ತಿದೆ. "ಸಂಬಳ ಬರಲಿ, ನೋಡೋಣ" ಅಂತೀಯ. ಅಷ್ಟರಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದರೆ ಒಂದು ಸಂಬಳ ಎಲ್ಲಿಗೂ ಸಾಲದು.

ಕಾಸಿಲ್ಲದವನು ಕಣ್ಣು ಬಳಸಬೇಕು. ರಾತ್ರಿ ಎಂಜಿನ್ ಕೆಳಗೆ ಹಳೇ ರಟ್ಟು ಹಾಸು. ಬಿದ್ದ ಹನಿ ಬರೀ ನೀರಿನಂತಿದ್ದರೆ ಎಸಿಯದ್ದಿರಬಹುದು. ಹಸಿರೋ ಗುಲಾಬಿಯೋ ಇದ್ದು ಬೆರಳಿಗೆ ಜಾರಿದರೆ ಕೂಲೆಂಟೇ. ನೀನೋ ನೀರು ಸುರಿದೂ ಸುರಿದೂ ಬಣ್ಣ ತೆಳು ಮಾಡಿರ್ತೀಯ, ಚೆನ್ನಾಗಿ ನೋಡು. ನೋಡಿದ ಮೇಲೆ ಒರೆಸಿಬಿಡು. ಅದು ಸಿಹಿ ವಿಷ, ಬೀದಿನಾಯಿ ನೆಕ್ಕಿದರೆ ಸಾಯಬಹುದು.

ಎಂಜಿನ್ ತಣ್ಣಗಿದ್ದಾಗ ಹೋಸ್ ತುದಿಗಳನ್ನು ನೋಡು. ಕ್ಲಾಂಪ್ ಸುತ್ತ ಉಪ್ಪಿನಂಥ ಬಿಳಿ ಕಲೆ ಕಂಡರೆ ಕಳ್ಳ ಸಿಕ್ಕಿದ. ಕೆಲವು ಸಲ ಸ್ಕ್ರೂ ಡ್ರೈವರ್ ಎರಡು ಸುತ್ತು ತಿರುಗಿಸಿದರೆ ಮುಗೀತು, ಖರ್ಚು ಸೊನ್ನೆ. ಹೋಸ್ ಒತ್ತಿದಾಗ ಬಿರುಕು ಬಾಯ್ಬಿಟ್ಟರೆ ಹೊಸದು ಹಾಕಿಸು. ಆಮೇಲೆ ರೇಡಿಯೇಟರ್ ಕ್ಯಾಪ್. ಕುಕ್ಕರ್ ಗ್ಯಾಸ್ಕೆಟ್ ಸಡಿಲವಾದರೆ ಆವಿ ನಿಲ್ಲುತ್ತಾ? ಇದೂ ಹಾಗೇ. ಒಳಗೆ ಒತ್ತಡ ಉಳಿದರೆ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯಲ್ಲ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿಂದ ಹನಿ ಬಂದರೆ ಪಂಪಿನ ಸೀಲ್ ಹೋಗಿದೆ, ಅದು ಮೆಕ್ಯಾನಿಕ್ ಕೆಲಸ.

ಹಳೇ ಹಿತ್ತಾಳೆ-ತಾಮ್ರದ ರೇಡಿಯೇಟರಿಗೆ ಬೆಸುಗೆ ಹಾಕೋರು ಈಗಲೂ ಇದ್ದಾರೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನದು ಸೀಳಿದರೆ ಬದಲಾಯಿಸೋದೇ ವಾಸಿ. ಬೆಂಗಳೂರಲ್ಲಿದ್ದೀಯ, ಶೋರೂಮಿಗೆ ಓಡೋ ಮುಂಚೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ರೇಟು ಕೇಳು. ಗುಜರಿಯಲ್ಲಿ ರೇಡಿಯೇಟರ್ ಬೇಕಾದರೆ ತಗೋ. ಹೋಸ್, ಕ್ಯಾಪ್ ಮಾತ್ರ ಬೇಡ. ರಬ್ಬರಿಗೆ ವಯಸ್ಸಾಗುತ್ತೆ, ನನ್ನ ಮಂಡಿ ಥರ.

ಅರಿಶಿನ ಪುಡಿ, ಲೀಕ್ ನಿಲ್ಲಿಸೋ ಡಬ್ಬಿ ಅಂತ ಗೆಳೆಯರು ಉಪದೇಶ ಮಾಡ್ತಾರೆ. ನಡುರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಮನೆ ಮುಟ್ಟಿಸಬಹುದು. ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕೂತ್ಕೊಳ್ಳುತ್ತೆ. ಬೋರ್‌ವೆಲ್ ನೀರೂ ಒಳಗೆ ಗಾರೆ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ಹಾಕು. ಬೆರೆಸಿದ್ದೇ ಬಂದಿದ್ದರೆ ನೀರು ಸೇರಿಸಬೇಡ.

ಶಿರಾಡಿ ಘಾಟಿಯಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ನಿಲ್ಲಿಸು. ಎಂಜಿನ್ ಆರಿಸು. ಬಿಸಿಯಲ್ಲಿ ಕ್ಯಾಪ್ ತೆಗೆದರೆ ಮುಖ ಬೇಯುತ್ತೆ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಹೆಡ್ ಬಿರುಕು ಬಿಡಬಹುದು. ಮುಳ್ಳು ತಾನಾಗಿ ಇಳೀತು ಅಂತ ಹಿಗ್ಗಬೇಡ. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರಿಗೆ ತಾಗೋದಕ್ಕೇ ಏನೂ ಇರಲ್ಲ, ಮೀಟರ್ ಸುಳ್ಳು ಹೇಳುತ್ತೆ.

ಗ್ಯಾರೇಜಿಗೆ ಹೋದರೆ "ಏನಾಗಿದೆಯೋ ನೋಡಿ ಅಣ್ಣಾ" ಅನ್ನಬೇಡ. "ಪ್ರೆಶರ್ ಟೆಸ್ಟ್ ಮಾಡಿ, ಸೋರೋ ಜಾಗ ತೋರಿಸಿ" ಅನ್ನು. ಬಿಚ್ಚಿದ ಹಳೇ ಪಾರ್ಟ್ ಕೇಳಿ ತಗೋ. ಈ ಭಾನುವಾರ ಆ ಕ್ಲಾಂಪುಗಳನ್ನು ನೋಡಪ್ಪ. ಅಲ್ಲೀವರೆಗೆ ಆಫೀಸಿಗೆ ಬಸ್ಸಲ್ಲಿ ಹೋಗು.