ಹಾಲಿನ ಹಣ ಕೃಷಿ ಆದಾಯವಲ್ಲ

ಹಾಲು ಉತ್ಪಾದಕ ಸಹೋದರಿಯರೇ,

ರಾಗಿ, ತರಕಾರಿ ಬೆಳೆದ ಹಣಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಹೈನುಗಾರಿಕೆ ವ್ಯಾಪಾರ. ಮೇವು, ಪಶು ಆಹಾರ, ಔಷಧದ ಖರ್ಚು ಕಳೆದು ಉಳಿದದ್ದು ನಿಮ್ಮ ಆದಾಯ. ಕೆಂಗೇರಿ ಉಪನಗರದ ಕಡೆ ಮನೆ ಬಾಡಿಗೆಯೂ ಬರುತ್ತಿದ್ದರೆ ಅದನ್ನೂ, ಬ್ಯಾಂಕ್ ಬಡ್ಡಿಯನ್ನೂ ಸೇರಿಸಿ ನೋಡಿ.

2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 4 ಲಕ್ಷ ರೂ. ದಾಟಿದರೆ ರಿಟರ್ನ್ಸ್ ಸಲ್ಲಿಸಬೇಕು. 12 ಲಕ್ಷದವರೆಗೆ ಸಾಮಾನ್ಯವಾಗಿ ತೆರಿಗೆ ಬೀಳದು. ಆದರೂ ರಿಟರ್ನ್ಸ್ ತಪ್ಪದು.

ಗಡುವು ಮೀರಿದರೆ 5,000 ರೂ.ವರೆಗೆ ಶುಲ್ಕ. ಕಡಿಮೆ ತೋರಿಸಿದ ಆದಾಯದ ಮೇಲಿನ ತೆರಿಗೆಗೆ ಶೇ. 50, ಸುಳ್ಳು ಲೆಕ್ಕವಾದರೆ ಶೇ. 200 ದಂಡ. ಬಟವಾಡೆ ನಿಮ್ಮ ಖಾತೆಗೆ ಬರುತ್ತಿದ್ದರೆ ಉತ್ತರಿಸಬೇಕಾದವರೂ ನೀವೇ.

ಬಟವಾಡೆ ಚೀಟಿ, ಪಶು ಆಹಾರದ ರಸೀದಿ ಜೋಪಾನವಾಗಿಡಿ. ಸಂದೇಹವಿದ್ದರೆ ತೆರಿಗೆ ಸಲಹೆಗಾರರನ್ನು ಕೇಳಿ.